ಮಿನ್ನೆಸೋಟದ ಚಳಿ, ಐದು ಹೇಂಟೆಗಳು: ಗೂಡಿನೊಳಗೆ ದೀಪ ಇಡಬೇಕೇ?

ತಿಪಟೂರಿನವನು, ರೋಚೆಸ್ಟರ್ | ನವೆಂಬರ್ 19

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವನು, ಆರು ವರ್ಷಗಳಿಂದ ಮಿನ್ನೆಸೋಟದ ರೋಚೆಸ್ಟರ್ ಬಳಿ ಇದ್ದೇನೆ. ಮಕ್ಕಳು ಬಹಳ ದಿನದಿಂದ ಕೇಳುತ್ತಿದ್ದರೆಂದು ಈ ವರ್ಷ ಏಪ್ರಿಲ್‌ನಲ್ಲಿ ಐದು ಹೆಣ್ಣು ಮರಿಗಳನ್ನು ತಂದೆವು. ತಳಿ ಹೇಳುವುದಾದರೆ ಎರಡು ಪ್ಲಿಮತ್ ರಾಕ್, ಒಂದು ಆರ್ಪಿಂಗ್ಟನ್, ಒಂದು ವಯಾಂಡಾಟ್, ಒಂದು ಬಿಳಿ ಲೆಗ್‌ಹಾರ್ನ್. ಮಕ್ಕಳು ಅವುಗಳಿಗೆ ಕ್ರಮವಾಗಿ ಚುಕ್ಕಿ, ಪಟ್ಟೆ, ಬಂಗಾರಿ, ಕಸ್ತೂರಿ, ಬೆಳ್ಳಿ ಎಂದು ಹೆಸರಿಟ್ಟಿದ್ದಾರೆ. ಸೆಪ್ಟೆಂಬರ್‌ನಿಂದ ಮೊಟ್ಟೆ ಇಡುತ್ತಿವೆ.

ಗೂಡು ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ್ದು. ಬಿಡಿಭಾಗಗಳನ್ನು ತಂದು ನಾವೇ ಜೋಡಿಸಿದ್ದು. ಅದರ ಮುಂದೆ ಜಾಲರಿ ಹಾಕಿದ ಓಡಾಟದ ಜಾಗವಿದೆ. ಇದು ಅವುಗಳಿಗೂ ಮೊದಲ ಚಳಿಗಾಲ, ಕೋಳಿ ಸಾಕುವವನಾಗಿ ನನಗೂ ಮೊದಲನೆಯದು. ಹೋದ ವಾರ ರಾತ್ರಿಯ ಉಷ್ಣಾಂಶ ಮೈನಸ್ 9ಕ್ಕೆ ಇಳಿಯಿತು (ನಾನು ಹೇಳುವುದೆಲ್ಲ ಸೆಲ್ಸಿಯಸ್ ಲೆಕ್ಕ). ಗಾಬರಿಯಾಗಿ ಗೂಡಿನ ಸಂದುಗೊಂದುಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊಡೆದೆ. ಸೂರಿನ ಕೆಳಗಿದ್ದ ಗಾಳಿಕಿಂಡಿಗಳನ್ನೂ ಟೇಪ್ ಹಚ್ಚಿ ಮುಚ್ಚಿದೆ. ಈಗ ಬೆಳಿಗ್ಗೆ ಬಾಗಿಲು ತೆರೆದರೆ ಕಿಟಕಿಯ ಒಳಬದಿಯಲ್ಲಿ ಹಿಮದ ಹೂವು ಕಟ್ಟಿರುತ್ತದೆ. ಬಿಸಿಲು ಬಿದ್ದ ಮೇಲೆ ಅದು ಕರಗಿ ಗೋಡೆಯ ಮೇಲೆ ಇಳಿಯುತ್ತದೆ. ಮೂಗಿಗೆ ಚುರುಕ್ಕೆನ್ನುವ ವಾಸನೆಯೂ ಇದೆ.

ಎರಡು ದಿನದಿಂದ ಬೆಳ್ಳಿಯ ಜುಟ್ಟಿನ ತುದಿ ಬೂದುಬಣ್ಣಕ್ಕೆ ತಿರುಗಿದೆ. ಲೆಗ್‌ಹಾರ್ನ್ ಜುಟ್ಟು ದೊಡ್ಡದು, ನಿಮಗೆ ಗೊತ್ತಿರಬಹುದು. ಅದರ ಹಿಂಬದಿಯ ಎರಡು ಹಲ್ಲುಗಳು ಮೇಣ ಹಚ್ಚಿದ ಹಾಗೆ ಕಾಣುತ್ತಿವೆ. ಮುಟ್ಟಿದರೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ದಿನಕ್ಕೆ ನಾಲ್ಕು ಬರುತ್ತಿದ್ದ ಮೊಟ್ಟೆ ಎರಡಕ್ಕೆ ಇಳಿದಿದೆ. ನೀರಿನ ಡಬ್ಬಿ ಬೆಳಿಗ್ಗೆ ಕಲ್ಲಾಗಿರುತ್ತದೆ. ನಾನು ಕೆಲಸಕ್ಕೆ ಹೋಗುವ ಮೊದಲು ಬಿಸಿನೀರು ಸುರಿದು ಬಂದರೂ ಹನ್ನೊಂದು ಗಂಟೆಗೆ ಮತ್ತೆ ಹೆಪ್ಪುಗಟ್ಟಿರುತ್ತದೆ.

ನಮ್ಮ ಅತ್ತೆಯವರು ಊರಿನಿಂದ ಬಂದಿದ್ದಾರೆ. "ನಮ್ಮ ಮೈಮೇಲೆ ಮೂರು ಪದರ ಬಟ್ಟೆ ಇದೆ, ಅವಕ್ಕೆ ಒಂದು ದೀಪವನ್ನಾದರೂ ಇಡಿ" ಎಂದು ದಿನವೂ ಹೇಳುತ್ತಾರೆ. ನಿನ್ನೆ ತಮ್ಮ ಹಳೆಯ ಶಾಲನ್ನು ಕತ್ತರಿಸಿ ಬೆಳ್ಳಿಗೆ ಹೊದಿಸಲು ಅಳತೆ ತೆಗೆಯುತ್ತಿದ್ದರು. ಜನವರಿಯಲ್ಲಿ ಇಲ್ಲಿ ಮೈನಸ್ 25, 30 ಆಗುವುದು ಹೊಸದಲ್ಲ. ಕೆಂಪು ಶಾಖದ ದೀಪ ತರಲೇ? ಗ್ಯಾರೇಜಿನೊಳಗೆ ತಂದುಬಿಡಲೇ? ಈ ಕಡೆ ಕೋಳಿ ಸಾಕಿದ ಅನುಭವವಿರುವವರು ದಯವಿಟ್ಟು ತಿಳಿಸಿ. ಮಕ್ಕಳಿಗೆ ಒಂದು ಕೋಳಿಯನ್ನು ಕಳೆದುಕೊಂಡರೂ ತಡೆಯಲಾಗದು. ನನಗೂ ಅಷ್ಟೇ.

ಡೆಟ್ರಾಯಿಟ್ ಕನ್ನಡಿಗ | ನವೆಂಬರ್ 19

ನಾವು ಮೂರು ಚಳಿಗಾಲ 250 ವ್ಯಾಟಿನ ಕೆಂಪು ದೀಪ ಬಳಸಿದ್ದೇವೆ, ಏನೂ ತೊಂದರೆಯಾಗಿಲ್ಲ. ಕ್ಲಿಪ್ಪನ್ನು ನಂಬಬೇಡಿ, ಸರಪಳಿಯಲ್ಲಿ ಎರಡು ಕಡೆ ಬಿಗಿದು ನೇತುಹಾಕಿ. ಕೋಳಿಗಳು ದೀಪದ ಕೆಳಗೆ ಬಂದು ಕೂರುತ್ತವೆ, ನೋಡಿದರೆ ನಮಗೂ ಸಮಾಧಾನ. ನಿಮ್ಮ ಅತ್ತೆಯವರು ಹೇಳುವುದು ಸರಿ ಎಂದು ನನಗನ್ನಿಸುತ್ತದೆ.

ಮಲೆನಾಡಿನವಳು, ಡುಲೂತ್ | ನವೆಂಬರ್ 20

ತಿಪಟೂರಿನವರೇ, ಉಳಿದದ್ದನ್ನು ಆಮೇಲೆ ಓದಿ. ಮೊದಲು ಹೊರಗೆ ಹೋಗಿ ಸೂರಿನ ಕೆಳಗಿನ ಟೇಪನ್ನು ಕಿತ್ತುಬಿಡಿ. ಇವತ್ತೇ, ಕತ್ತಲಾಗುವುದರೊಳಗೆ.

ನಾನು ತೀರ್ಥಹಳ್ಳಿಯ ಕಡೆಯವಳು. ಸುಪೀರಿಯರ್ ಸರೋವರದ ದಡದಲ್ಲಿ, ನಿಮಗಿಂತ ಇನ್ನೂ ಉತ್ತರದಲ್ಲಿ, 2013ರಿಂದ ಕೋಳಿ ಸಾಕುತ್ತಿದ್ದೇನೆ. ನೀವು ಈಗ ಮಾಡಿರುವುದನ್ನೇ ನಾನು ಮೊದಲ ವರ್ಷ ಮಾಡಿದ್ದೆ. 2014ರ ಜನವರಿ ಮೊದಲ ವಾರ ಚಳಿ ಎಷ್ಟಿತ್ತೆಂದರೆ ರಾಜ್ಯಪಾಲರು ಇಡೀ ಮಿನ್ನೆಸೋಟದ ಶಾಲೆಗಳಿಗೆ ರಜೆ ಕೊಟ್ಟಿದ್ದರು. ನಾನು ಗೂಡಿಗೆ ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಕೀಲಿನ ಸಂದಿಗೂ ಬಟ್ಟೆ ತುರುಕಿ, ಇನ್ನು ಗಾಳಿ ನುಸುಳಲಾರದು ಎಂಬ ನೆಮ್ಮದಿಯಲ್ಲಿ ಮಲಗಿದೆ. ಮೂರನೆಯ ಬೆಳಿಗ್ಗೆ ಬಾಗಿಲು ತೆರೆದಾಗ ಚಾವಣಿಯಿಂದ ಹಿಮದ ಪುಡಿ ನನ್ನ ಮುಖದ ಮೇಲೆ ಉದುರಿತು. ಹೊರಗಿನ ಹಿಮವಲ್ಲ ಅದು, ಕೋಳಿಗಳ ಉಸಿರು. ಐದರಲ್ಲಿ ಮೂರರ ಜುಟ್ಟು ಕಪ್ಪಾಗಿತ್ತು. ಇನ್ನೆರಡು ವಾರದಲ್ಲಿ ಉಸಿರಾಟದ ಕಾಯಿಲೆಯಿಂದ ಎರಡು ಸತ್ತವು. ಚಳಿಯಿಂದ ಕಾಪಾಡಬೇಕೆಂದು ನಾನು ಮುಚ್ಚಿದ ಕಿಂಡಿಗಳೇ ಅವನ್ನು ಕೊಂದವು. ಅದಕ್ಕೇ ನಿಮ್ಮ ಕಿಟಕಿಯ ಹಿಮದ ಹೂವಿನ ಮಾತು ಓದಿದ ತಕ್ಷಣ ಬರೆಯುತ್ತಿದ್ದೇನೆ.

ಕೋಳಿಯ ಮೈಶಾಖ ಸುಮಾರು 41 ಡಿಗ್ರಿ, ನಮ್ಮದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಗರಿಗಳನ್ನು ಉಬ್ಬಿಸಿ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಆ ಶಾಖವನ್ನು ಕಾಯ್ದುಕೊಳ್ಳುತ್ತದೆ. ಗರಿ ಒಣಗಿರುವವರೆಗೆ ಅದರಂಥ ಹೊದಿಕೆ ಇನ್ನೊಂದಿಲ್ಲ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಆದರೆ ಶಾಲು ಬೇಡವೆಂದು ಹೇಳಿ. ಬಟ್ಟೆ ಹೊದಿಸಿದರೆ ಗರಿ ಚಪ್ಪಟೆಯಾಗಿ ಒಳಗಿನ ಗಾಳಿ ಹೋಗುತ್ತದೆ. ಬಟ್ಟೆ ತೇವ ಹೀರಿಕೊಂಡು ಅದೇ ಮೈಗೆ ಅಂಟಿಕೊಳ್ಳುತ್ತದೆ. ಕಾಲಿನ ವಿಷಯವೂ ಸೋಜಿಗ. ಮೈಯಿಂದ ಕಾಲಿಗೆ ಇಳಿಯುವ ಬಿಸಿರಕ್ತದ ನಾಳವೂ, ಕಾಲಿನಿಂದ ಮೇಲೇರುವ ತಣ್ಣನೆಯ ರಕ್ತದ ನಾಳವೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಇಳಿಯುವ ರಕ್ತದ ಶಾಖವನ್ನು ಏರುವ ರಕ್ತ ತೆಗೆದುಕೊಂಡು ಮೈಗೆ ಹಿಂದಿರುಗಿಸುತ್ತದೆ. ಹಾಗಾಗಿ ಹಿಮದ ಮೇಲೆ ನಿಂತರೂ ಕಾಲಿನಿಂದ ಸೋರಿಹೋಗುವ ಶಾಖ ಬಹಳ ಕಡಿಮೆ.

ಕಾಲು ಬಿಟ್ಟರೆ ಗರಿಯಿಲ್ಲದ ಮುಖ್ಯ ಜಾಗಗಳು ಎರಡು, ಜುಟ್ಟು ಮತ್ತು ಗಲ್ಲದ ಕೆಳಗಿನ ಜೋಲು. ಗೂಡಿನ ಗಾಳಿ ಹಸಿಯಾಗಿದ್ದರೆ ಆ ತೇವ ಅಲ್ಲಿಯೇ ಹೋಗಿ ಕೂತು ಹೆಪ್ಪುಗಟ್ಟುತ್ತದೆ. ತೇವವಿದ್ದರೆ ಮೈನಸ್ 9ರಲ್ಲಿಯೇ ತುದಿ ಸಾಯುತ್ತದೆ. ಗೂಡು ಒಣಗಿದ್ದರೆ ಮೈನಸ್ 20ರಲ್ಲಿಯೂ ಏನೂ ಆಗದಿದ್ದುದನ್ನು ನಾನು ಕಂಡಿದ್ದೇನೆ. ಕೋಳಿ ಹಗಲೆಲ್ಲ ಕುಡಿದ ನೀರು ರಾತ್ರಿ ಉಸಿರಾಗಿಯೂ ಹಿಕ್ಕೆಯಾಗಿಯೂ ಗೂಡಿನೊಳಗೇ ಬೀಳುತ್ತದೆ. ಅದು ಹೊರಗೆ ಹೋಗಲು ದಾರಿ ಬೇಕು.

ದಾರಿ ಎಲ್ಲಿರಬೇಕು ಎಂಬುದೇ ಮುಖ್ಯ. ಕೋಳಿಗಳು ಕೂತಾಗ ಅವುಗಳ ತಲೆಗಿಂತ ಮೇಲೆ, ಸೂರಿನ ಕೆಳಗೆ, ಎದುರುಬದುರು ಎರಡು ಗೋಡೆಗಳಲ್ಲಿ. ಒಂದು ಕೋಳಿಗೆ ಒಂದು ಚದರ ಅಡಿ ಕಿಂಡಿ ಬೇಕೆಂದು ಇಲ್ಲಿ ಹಲವರು ಹೇಳುತ್ತಾರೆ. ನಿಮ್ಮ ಗೂಡಿನ ಆರು ಅಡಿಯ ಎರಡು ಬದಿಗಳಲ್ಲೂ ಐದು ಇಂಚು ಎತ್ತರದ ಸೀಳು ಬಿಟ್ಟರೆ ಒಟ್ಟು ಐದು ಚದರ ಅಡಿ ಆಯಿತು. ನಾನು ಅಷ್ಟನ್ನೂ ಕತ್ತರಿಸಿಟ್ಟುಕೊಂಡು, ಗಾಳಿ ಬೀಸುವ ದಿಕ್ಕಿನದಕ್ಕೆ ಮಾತ್ರ ಜಾರು ಹಲಗೆ ಹಾಕಿದ್ದೇನೆ. ಬಿರುಗಾಳಿಯಿರುವ ರಾತ್ರಿ ಆ ಬದಿಯನ್ನು ಅರ್ಧ ಎಳೆಯುತ್ತೇನೆ, ಪೂರ್ತಿ ಎಂದೂ ಅಲ್ಲ. ಕಿಂಡಿಗಳಿಗೆ ಅರ್ಧ ಇಂಚಿನ ಕಬ್ಬಿಣದ ಜಾಲರಿ ಇರಲೇಬೇಕು. ವೀಸೆಲ್ ಎಂಬ, ನಮ್ಮ ಮುಂಗುಸಿಯ ಸಣ್ಣ ರೂಪದಂತಿರುವ ಪ್ರಾಣಿ ಒಂದು ಇಂಚಿನ ಸಂದಿಯಲ್ಲಿ ಆರಾಮವಾಗಿ ತೂರುತ್ತದೆ.

ಪರೀಕ್ಷೆ ಮಾಡುವುದು ಹೇಗೆಂದರೆ, ರಾತ್ರಿ ಕೋಳಿಗಳು ಅಡ್ಡೆಯೇರಿ ಕೂತ ಮೇಲೆ ಒಂದು ಊದುಬತ್ತಿ ಹಚ್ಚಿ ಅವುಗಳ ಬೆನ್ನಿನ ಮಟ್ಟದಲ್ಲಿ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೇರಿ, ಸೂರಿನ ಹತ್ತಿರ ಬಾಗಿ ಹೊರಗೆ ಹೋಗಬೇಕು. ಕೋಳಿಯ ಮಟ್ಟದಲ್ಲೇ ಹೊಗೆ ಪಕ್ಕಕ್ಕೆ ಹಾರಿದರೆ ಎಲ್ಲೋ ಕೆಳಗೆ ಸಂದಿಯಿದೆ, ಅದನ್ನು ಮುಚ್ಚಿ. ಹೊಗೆ ಅಲ್ಲೇ ಸುತ್ತುತ್ತಿದ್ದರೆ ಮೇಲೆ ಇನ್ನಷ್ಟು ತೆರೆಯಿರಿ. ಕಡ್ಡಿಯನ್ನು ಕೈಯಿಂದ ಬಿಡಬೇಡಿ, ಆದ ತಕ್ಷಣ ಹೊರಗೆ ತಂದು ಹಿಮದಲ್ಲಿ ಚುಚ್ಚಿ. ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಒಂದು ಸಂಜೆ ದೇವರ ದೀಪ ಹಚ್ಚುವಾಗ ಹೊಳೆದದ್ದು, ಇಂದಿಗೂ ಪ್ರತಿ ಅಕ್ಟೋಬರ್‌ನಲ್ಲಿ ಮಾಡುತ್ತೇನೆ.

ಮೂಗು ಚುರುಕ್ಕೆನ್ನುವುದು ಹಿಕ್ಕೆಯಿಂದ ಏಳುವ ಅಮೋನಿಯಾ. ನಿಂತು ಮೂಸಿದರೆ ಸಾಲದು, ಕೋಳಿಯ ತಲೆಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ಮೂಸಬೇಕು. ಈಗಿನ ಹಸಿ ಹಾಸನ್ನೆಲ್ಲ ತೆಗೆದು, ಒಣ ಮರದ ಹೊಟ್ಟನ್ನು ಆರು ಇಂಚು ದಪ್ಪ ಹಾಕಿ. ಮರವನ್ನು ಕೀಸುವಾಗ ಬರುವ ಸುರುಳಿ ಹೊಟ್ಟು ಬೇಕು, ಗರಗಸದ ಪುಡಿ ಬೇಡ, ಅದು ದೂಳೆದ್ದು ಮೂಗಿಗೆ ಹೋಗುತ್ತದೆ. ಆಮೇಲೆ ತಿಂಗಳಿಗೆ ಎರಡು ಮೂರು ಸಲ ಮೇಲೆ ಹೊಸ ಹೊಟ್ಟು ಸುರಿಯುತ್ತಾ, ಕವೆಗೋಲಿನಿಂದ ತಿರುವುತ್ತಾ ಹೋಗಿ. ಕಾಳು ಎರಚಿದರೆ ಕೋಳಿಗಳೇ ಕೆದರಿ ತಿರುವುತ್ತವೆ. ತಳದಲ್ಲಿ ನಿಧಾನವಾಗಿ ಗೊಬ್ಬರವಾಗುತ್ತದೆ, ಅಷ್ಟಿಷ್ಟು ಶಾಖವೂ ಬರುತ್ತದೆ. ಮೇ ತಿಂಗಳಲ್ಲಿ ಎಲ್ಲವನ್ನೂ ತೆಗೆದು ತೋಟದ ಮೂಲೆಯಲ್ಲಿ ರಾಶಿ ಹಾಕಿದರೆ ಮುಂದಿನ ವರ್ಷದ ಬದನೆ ಗಿಡಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ನಮ್ಮ ಅಜ್ಜಿ ಆಷಾಢದ ಮಳೆಯಲ್ಲಿ ಕೋಳಿ ಒಡ್ಡಿಯೊಳಗೆ ಭತ್ತದ ಹೊಟ್ಟು, ಒಲೆಯ ಬೂದಿ ಸುರಿಯುತ್ತಿದ್ದರು. "ಕೋಳಿಗೆ ಥಂಡಿಯಾಗಬಾರದು" ಎನ್ನುತ್ತಿದ್ದರು. ಅವರು ಥಂಡಿ ಎಂದದ್ದು ತೇವಕ್ಕೆ ಎಂದು ನನಗೆ ತಿಳಿದದ್ದು ಇಲ್ಲಿ ಎರಡು ಕೋಳಿ ಹೂತ ಮೇಲೆ.

ಬೂದಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಒಂದು ಅಗಲವಾದ ಟಬ್ಬಿನಲ್ಲಿ ಒಣ ಮಣ್ಣು, ಮರಳು, ಸ್ವಲ್ಪ ಕಟ್ಟಿಗೆಯ ಬೂದಿ ಬೆರೆಸಿ ಇಡಿ. ನೆಲವೆಲ್ಲ ಹೆಪ್ಪುಗಟ್ಟಿದಾಗ ಅವುಗಳಿಗೆ ದೂಳುಸ್ನಾನಕ್ಕೆ ಬೇರೆ ಜಾಗವಿರುವುದಿಲ್ಲ.

ಕೂರುವ ಅಡ್ಡೆ ಯಾವುದಿದೆ? ಜೋಡಿಸುವ ಗೂಡುಗಳ ಜೊತೆ ಬರುವ ದುಂಡನೆಯ ಕೋಲಾಗಿದ್ದರೆ ಬದಲಿಸಿ. ಎರಡು ಇಂಚು–ನಾಲ್ಕು ಇಂಚಿನ ಮರದ ಪಟ್ಟಿಯನ್ನು ಅಗಲದ ಮೈ ಮೇಲೆ ಬರುವಂತೆ ಹೊಂದಿಸಿ. ಆಗ ಪಾದ ಚಪ್ಪಟೆಯಾಗಿ ಊರುತ್ತದೆ, ಮೇಲೆ ಹೊಟ್ಟೆಯ ಗರಿ ಮುಚ್ಚಿಕೊಳ್ಳುತ್ತದೆ, ಬೆರಳು ಒಂದೂ ಹೊರಗೆ ಉಳಿಯುವುದಿಲ್ಲ.

ದೀಪದ ವಿಷಯ. ಡೆಟ್ರಾಯಿಟ್‌ನವರು ಬೇಸರಿಸಬಾರದು, ನಾನೂ ಎರಡನೆಯ ಚಳಿಗಾಲ ಅದನ್ನು ಇಟ್ಟಿದ್ದೆ. ಒಂದು ರಾತ್ರಿ ಹಿಡಿಕೆ ಜಾರಿ ದೀಪ ಹೊಟ್ಟಿನ ಮೇಲೆ ಬಿತ್ತು. ನನ್ನ ಯಜಮಾನರಿಗೆ ನಿದ್ದೆ ಬಾರದೆ ಅಡುಗೆಮನೆಗೆ ನೀರು ಕುಡಿಯಲು ಬಂದವರಿಗೆ ಸುಟ್ಟ ವಾಸನೆ ಬಂತು. ಓಡಿಹೋಗಿ ನೋಡಿದಾಗ ಅಂಗೈ ಅಗಲದ ಕಪ್ಪು ವೃತ್ತ, ಅದರ ಅಂಚಿನಲ್ಲಿ ಕೆಂಪು ಗೆರೆ ನಿಧಾನವಾಗಿ ಹರಿಯುತ್ತಿತ್ತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಗೂಡು ಉಳಿಯುತ್ತಿರಲಿಲ್ಲ. ಒಣ ಹೊಟ್ಟು, ದೂಳು, ರೆಕ್ಕೆ ಬಡಿಯುವ ಕೋಳಿ, 250 ವ್ಯಾಟ್. ಮೂರು ವರ್ಷ ಏನೂ ಆಗಲಿಲ್ಲ ಎಂಬುದು ನಾಲ್ಕನೆಯ ವರ್ಷಕ್ಕೆ ಭರವಸೆಯಲ್ಲ. ಇನ್ನೊಂದು ತೊಂದರೆಯೂ ಇದೆ. ಶಾಖಕ್ಕೆ ಒಗ್ಗಿದ ಕೋಳಿಗೆ ಹಿಮಗಾಳಿಯ ರಾತ್ರಿ ವಿದ್ಯುತ್ ಹೋದರೆ ಒಂದೇ ಸಲಕ್ಕೆ ಎಲ್ಲ ಚಳಿ ಮೈಮೇಲೆ ಬೀಳುತ್ತದೆ. ಗ್ಯಾರೇಜಿಗೆ ತಂದು ಹೊರಗೆ ಬಿಟ್ಟು ಮಾಡುವುದೂ ಹಾಗೆಯೇ.

2019ರ ಜನವರಿ 30 ನೀವು ಇಲ್ಲಿಗೆ ಬರುವ ಮೊದಲಿನದಿರಬೇಕು. ಅಂದು ಅಂಚೆಯವರೂ ಬರಲಿಲ್ಲ, ನಮ್ಮ ರಾಜ್ಯದಲ್ಲಿ ಟಪಾಲನ್ನೇ ನಿಲ್ಲಿಸಿದ್ದರು. ನಮ್ಮಲ್ಲಿ ಮೈನಸ್ 30ಕ್ಕಿಂತ ಕೆಳಗೆ. ಬೆಳಗಿನ ನಾಲ್ಕು ಗಂಟೆಗೆ ಮನಸ್ಸು ತಡೆಯದೆ ಟಾರ್ಚ್ ಹಿಡಿದು ಹೋದೆ. ಏಳು ಕೋಳಿಗಳು ಅಡ್ಡೆಯ ಮೇಲೆ ಏಳು ಚೆಂಡುಗಳಾಗಿ ಒತ್ತಿಕೊಂಡು ಕೂತಿದ್ದವು. ಯಾವುದರ ತಲೆಯೂ ಕಾಣಿಸುತ್ತಿರಲಿಲ್ಲ, ಎಲ್ಲ ರೆಕ್ಕೆಯ ಕೆಳಗೆ. ಬೆನ್ನಿನ ಗರಿಗಳ ತುದಿಯಲ್ಲಿ ಹಿಮದ ಸಣ್ಣ ಕಣಗಳು ಕರಗದೆ ಕೂತಿದ್ದವು. ನನಗೆ ಎದೆ ಧಸಕ್ಕೆಂದಿತು. ಕೈಗವಸು ಕಳಚಿ ಅಂಚಿನಲ್ಲಿದ್ದ ವಯಾಂಡಾಟ್‌ನ ರೆಕ್ಕೆಯ ಕೆಳಗೆ ಬೆರಳು ತೂರಿಸಿದೆ. ಆಗಷ್ಟೇ ಕಾವಲಿಯಿಂದ ಇಳಿಸಿದ ಅಕ್ಕಿರೊಟ್ಟಿಯ ಬಿಸಿ ಇತ್ತು ಒಳಗೆ. ಗರಿಯ ಮೇಲಿನ ಹಿಮ ಕರಗದಿದ್ದುದು ಒಳಗಿನ ಶಾಖ ಹೊರಗೆ ಸೋರದಿದ್ದುದರಿಂದ. ಅದು ಕಣ್ಣು ತೆರೆದು ನನ್ನನ್ನು ನೋಡಿ, ಗಂಟಲಲ್ಲೇ ಒಂದು ಸದ್ದು ಮಾಡಿ ಮತ್ತೆ ತಲೆ ಒಳಗೆ ಸೇರಿಸಿಕೊಂಡಿತು. ನಾನು ಬಾಗಿಲು ಮುಚ್ಚಿ ಬಂದು ಮಲಗಿದೆ.

ನೀರನ್ನು ಗೂಡಿನೊಳಗೆ ಇಡಬೇಡಿ. ಮುಂದಿನ ಓಡಾಟದ ಜಾಗದಲ್ಲಿ ಇಡಿ. ಕತ್ತಲಾದ ಮೇಲೆ ಕೋಳಿ ಅಡ್ಡೆಯಿಂದ ಇಳಿದು ನೀರು ಕುಡಿಯುವುದಿಲ್ಲ. ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿ ನೀರಿನ ಡಬ್ಬಿಯ ಕೆಳಗಿಡುವ ಬಿಸಿ ತಟ್ಟೆ ಸಿಗುತ್ತದೆ, ನೀರು ಹೆಪ್ಪುಗಟ್ಟುವ ಹೊತ್ತಿಗೆ ತಾನಾಗಿ ಹತ್ತಿಕೊಳ್ಳುತ್ತದೆ. ತಂತಿ ಹೊರಾಂಗಣಕ್ಕೆಂದೇ ಮಾಡಿದ್ದಾಗಿರಲಿ. ಬೆಳ್ಳಿಯಂಥ ದೊಡ್ಡ ಜೋಲಿನ ಕೋಳಿಗೆ ಅಗಲ ಬಾಯಿಯ ಪಾತ್ರೆ ಬೇಡ, ಜೋಲು ನೀರಿಗೆ ಅದ್ದಿ ಹೊರಬಂದ ಕೂಡಲೇ ಹೆಪ್ಪುಗಟ್ಟುತ್ತದೆ.

ಬೆಳ್ಳಿಯ ಜುಟ್ಟನ್ನು ಉಜ್ಜಬೇಡಿ, ಬಿಸಿನೀರಿನ ಬಟ್ಟೆ ಒತ್ತಬೇಡಿ, ಕತ್ತರಿಸಲೂ ಬೇಡಿ. ಬೂದಿಬಣ್ಣ ಕಪ್ಪಾಗುತ್ತದೆ, ಒಣಗುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಉದುರುತ್ತದೆ. ಕೆಳಗಿನ ಜೀವಂತ ಭಾಗವನ್ನು ಅದು ಕಾಯುತ್ತಿರುತ್ತದೆ. ಊತ, ಕೀವು, ಕೆಟ್ಟ ವಾಸನೆ ಕಂಡರೆ ಮಾತ್ರ ಪಶುವೈದ್ಯರಲ್ಲಿಗೆ. ವ್ಯಾಸಲಿನ್ ಹಚ್ಚಿ ಎಂದು ಹಲವರು ಹೇಳುತ್ತಾರೆ. ನಾನು ಎರಡು ವರ್ಷ ಹಚ್ಚಿದೆ, ಹಚ್ಚದ ಕೋಳಿಗೂ ಹಚ್ಚಿದ ಕೋಳಿಗೂ ವ್ಯತ್ಯಾಸ ಕಾಣದೆ ಬಿಟ್ಟೆ.

ಮೊಟ್ಟೆ ಕಡಿಮೆಯಾದದ್ದು ಚಳಿಗಿಂತ ಹೆಚ್ಚಾಗಿ ಬೆಳಕು ಕಡಿಮೆಯಾದದ್ದರಿಂದ. ಹೇಂಟೆಗೆ ದಿನಕ್ಕೆ 14 ಗಂಟೆಯಷ್ಟು ಬೆಳಕಿದ್ದರೆ ಚೆನ್ನಾಗಿ ಇಡುತ್ತದೆ. ಡಿಸೆಂಬರ್‌ನಲ್ಲಿ ನಿಮ್ಮಲ್ಲಿ ಒಂಬತ್ತು ಗಂಟೆಯ ಹಗಲೂ ಕಷ್ಟ. ಮೊದಲ ವರ್ಷದವು ಅಷ್ಟಿಷ್ಟು ಇಡುತ್ತಲೇ ಇರುತ್ತವೆ. ಮುಂದಿನ ಶರತ್ಕಾಲದಲ್ಲಿ ಗರಿ ಉದುರಿಸಿ ಹೊಸದು ಬೆಳೆಸುವಾಗ ಪೂರ್ತಿ ನಿಲ್ಲಿಸುತ್ತವೆ, ಆಗ ಹೆದರಬೇಡಿ. ಬೆಳಗಿನ ಜಾವ ಹತ್ತಿಕೊಳ್ಳುವಂತೆ ಸಣ್ಣ ಎಲ್‌ಇಡಿ ಬಲ್ಬು ಇಟ್ಟು ಮೊಟ್ಟೆ ಪಡೆಯುವವರಿದ್ದಾರೆ. ನಾನು ಇಡುವುದಿಲ್ಲ. ವರ್ಷಕ್ಕೆ ಮೂರು ತಿಂಗಳು ಅವು ಸುಮ್ಮನಿರಲಿ ಎನ್ನುವುದು ನನ್ನ ಮನಸ್ಸು.

ಸಂಜೆ ಅಡ್ಡೆ ಏರುವ ಅರ್ಧ ಗಂಟೆ ಮೊದಲು ಒಂದೊಂದಕ್ಕೆ ಒಂದು ಚಮಚದಷ್ಟು ಮೆಕ್ಕೆಜೋಳದ ನುಚ್ಚು ಕೊಡಿ. ಕೊರಳಚೀಲ ತುಂಬಿಕೊಂಡು ಮಲಗಿದರೆ ರಾತ್ರಿಯೆಲ್ಲ ಅರಗುತ್ತಾ ಮೈ ಬೆಚ್ಚಗಿರುತ್ತದೆ. ಹೆಚ್ಚು ಕೊಡಬೇಡಿ, ಮುಖ್ಯ ಆಹಾರ ಮೊಟ್ಟೆಕೋಳಿಯ ಮೇವೇ ಆಗಿರಲಿ. ನೆಲ ಹಿಮದಿಂದ ಮುಚ್ಚಿರುವಾಗ ಕಾಳು ಅರೆಯಲು ಅವುಗಳಿಗೆ ಸಣ್ಣ ಕಲ್ಲು ಸಿಗುವುದಿಲ್ಲ, ಅದನ್ನೂ ಒಂದು ಬಟ್ಟಲಲ್ಲಿ ಇಡಿ.

ಟೇಪ್ ತೆಗೆದಿರಾ?

ಪಶುವೈದ್ಯೆ, ಹಾಸನ | ನವೆಂಬರ್ 20

ಮಲೆನಾಡಿನವರು ಬರೆದದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮ ಜನರಿಗೆ ಕೋಳಿ ಎಂದರೆ ಬಲ್ಬು ನೆನಪಾಗುವುದಕ್ಕೆ ಕಾರಣವಿದೆ. ಇಲ್ಲಿ ಕೋಳಿಮನೆಗಳಲ್ಲಿ ಎಲ್ಲರೂ ನೋಡಿರುವುದು ಮರಿಗಳಿಗೆ ಕಾವು ಕೊಡುವುದನ್ನು. ಒಂದು ದಿನದ ಮರಿಗೆ ಮೈಮೇಲೆ ಇರುವುದು ತುಪ್ಪುಳು ಮಾತ್ರ, ಅದಕ್ಕೆ ಮೊದಲ ವಾರ 35 ಡಿಗ್ರಿಯ ಆಸುಪಾಸು ಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸುತ್ತಾ ಬರುತ್ತೇವೆ. ಗರಿ ಪೂರ್ತಿ ಬಂದ ಮೇಲೆ ದೀಪ ತೆಗೆಯುತ್ತೇವೆ. ನಿಮ್ಮವು ಏಳು ತಿಂಗಳ ಹೇಂಟೆಗಳು. ಹೊದಿಕೆ ಅವುಗಳ ಮೈಮೇಲೆಯೇ ಇದೆ. ಅತ್ತೆಯವರಿಗೆ ಇದನ್ನು ಹೀಗೆ ವಿವರಿಸಿದರೆ ಒಪ್ಪುತ್ತಾರೆ.

ವಾರಕ್ಕೊಮ್ಮೆ ರಾತ್ರಿ ಒಂದೊಂದನ್ನೇ ಎತ್ತಿಕೊಂಡು ಗುದದ ಸುತ್ತಲಿನ ಗರಿಯನ್ನು ಬಿಡಿಸಿ ನೋಡಿ. ಹೇನು, ನುಸಿಗಳು ಚಳಿಗಾಲದಲ್ಲಿ ಅಲ್ಲಿಯೇ ಸೇರಿಕೊಳ್ಳುತ್ತವೆ. ಎದೆಮೂಳೆಯನ್ನೂ ಮುಟ್ಟಿ ನೋಡಿ. ಗರಿ ಉಬ್ಬಿರುವುದರಿಂದ ಕೋಳಿ ಬಡಕಲಾಗಿದ್ದರೂ ಕಣ್ಣಿಗೆ ದಪ್ಪವಾಗಿಯೇ ಕಾಣುತ್ತದೆ. ಮೂಳೆ ಚೂರಿಯ ಅಲಗಿನಂತೆ ಕೈಗೆ ಸಿಕ್ಕರೆ ಅದಕ್ಕೆ ಮೇವು ಸಾಲುತ್ತಿಲ್ಲ ಅಥವಾ ಬೇರೆಯವು ಅದನ್ನು ತಿನ್ನಲು ಬಿಡುತ್ತಿಲ್ಲ. ಹಗಲಲ್ಲಿ ಉಳಿದವು ಓಡಾಡುವಾಗ ಒಂದು ಮಾತ್ರ ಮೂಲೆಯಲ್ಲಿ ಉಬ್ಬಿಕೊಂಡು ಕೂತಿದ್ದರೆ ಅದನ್ನು ಚಳಿಯ ಲೆಕ್ಕಕ್ಕೆ ಹಾಕಬೇಡಿ, ಕಾಯಿಲೆಯೆಂದೇ ತಿಳಿಯಿರಿ.

ಕ್ಯಾಲ್ಗರಿಯ ರೈತನ ಮಗ | ನವೆಂಬರ್ 22

ನಮ್ಮದು ಕೆನಡಾದ ಆಲ್ಬರ್ಟ. ಇಲ್ಲಿನ ಚಳಿ ಒಣ ಚಳಿ, ಆದರೆ ಶಿನೂಕ್ ಎಂಬ ಬಿಸಿಗಾಳಿ ಪಶ್ಚಿಮದ ಬೆಟ್ಟಗಳಿಂದ ಇಳಿದರೆ ಕೆಲವೇ ಗಂಟೆಗಳಲ್ಲಿ ಉಷ್ಣಾಂಶ 20 ಡಿಗ್ರಿ ಏರಿಬಿಡುತ್ತದೆ. ನನ್ನ ಕೋಳಿಗಳಿಗೆ ತೊಂದರೆಯಾಗಿರುವುದು ಮೈನಸ್ 30ರಲ್ಲಲ್ಲ, ಆ ಕರಗುವಿಕೆಯ ಮರುರಾತ್ರಿ. ಹಗಲು ಎಲ್ಲ ನೀರಾಗಿ ಕಾಲು, ಹೊಟ್ಟೆಯ ಗರಿ ನೆನೆದು, ಸಂಜೆ ಮತ್ತೆ ಮೈನಸ್ 15. ಅಂಥ ದಿನ ಓಡಾಟದ ಜಾಗದಲ್ಲಿ ಗೋಧಿ ಹುಲ್ಲು ದಪ್ಪ ಹಾಸುತ್ತೇನೆ. ಹುಲ್ಲು ಹಾಸಿದರೆ ಹಿಮಕ್ಕೆ ಹೆದರಿ ಒಳಗೇ ಕೂತಿರುವ ಕೋಳಿಗಳೂ ಹೊರಗೆ ಬರುತ್ತವೆ.

ಒಂದು ವಿಷಯದಲ್ಲಿ ಮಲೆನಾಡಿನ ಅಕ್ಕನವರಿಗಿಂತ ನನ್ನ ಅಭಿಪ್ರಾಯ ಬೇರೆ. ನನ್ನಲ್ಲಿ ಆರು ವರ್ಷದ ಎರಡು ಮುದಿ ಹೇಂಟೆಗಳಿವೆ, ಜೊತೆಗೆ ಕೆಲವು ಶರತ್ಕಾಲದ ಕೊನೆಯಲ್ಲಿ ಗರಿ ಉದುರಿಸಿಕೊಂಡು ಅರೆಬತ್ತಲೆ ಇರುತ್ತವೆ. ಅಂಥವಕ್ಕೆ ಗೋಡೆಗೆ ಬಿಗಿಯುವ ಚಪ್ಪಟೆ ಶಾಖಫಲಕ ಇಟ್ಟಿದ್ದೇನೆ, ಮೈನಸ್ 30 ದಾಟಿದಾಗ ಮಾತ್ರ ಹಾಕುತ್ತೇನೆ. ಅದು ಕೆಂಪಗೆ ಕಾಯುವುದಿಲ್ಲ, ಪಕ್ಕ ನಿಂತ ಕೋಳಿಗೆ ಮಾತ್ರ ಬಿಸಿ ತಾಗುತ್ತದೆ. ಆರೋಗ್ಯವಾಗಿರುವ ಎಳೆಯ ಕೋಳಿಗೆ ಬೇಕಿಲ್ಲ, ಅದನ್ನು ಒಪ್ಪುತ್ತೇನೆ.

ಮುಂದಿನ ವರ್ಷ ಮರಿ ತರುವುದಿದ್ದರೆ ಶಾಂಟಕ್ಲೇರ್ ತಳಿಯನ್ನು ವಿಚಾರಿಸಿ. ಕ್ವಿಬೆಕ್‌ನ ಓಕಾದಲ್ಲಿ ವಿಲ್ಫ್ರಿಡ್ ಶಾತೆಲೆನ್ ಎಂಬ ಮಠವಾಸಿ 1908ರಲ್ಲಿ ತಳಿ ಕೂಡಿಸಲು ತೊಡಗಿ, ಕೆನಡಾದ ಚಳಿಗೆಂದೇ ರೂಪಿಸಿದ ಕೋಳಿ ಅದು. ಜುಟ್ಟು ತಲೆಗೆ ಅಂಟಿಕೊಂಡ ಸಣ್ಣ ಗುಂಡಿಯಷ್ಟೇ, ಜೋಲು ಇಲ್ಲವೆನ್ನುವಷ್ಟು ಚಿಕ್ಕದು. ನಿಮ್ಮ ಕಸ್ತೂರಿಯ ಜುಟ್ಟೂ ಚಪ್ಪಟೆಯಾಗಿರಬೇಕಲ್ಲ, ಅವಳಿಗೆ ಏನೂ ಆಗುವುದಿಲ್ಲ ನೋಡಿ.

ತಿಪಟೂರಿನವನು, ರೋಚೆಸ್ಟರ್ | ಜನವರಿ 16

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಅಂದು ಸಂಜೆಯೇ ಟೇಪ್ ಕಿತ್ತೆ, ಅಕ್ಕ. ಮರುದಿನ ರಜೆ ಹಾಕಿ ಎರಡು ಬದಿಯಲ್ಲೂ ಸೀಳು ತೆಗೆದು ಜಾಲರಿ ಹೊಡೆದೆ. ಹಸಿ ಹಾಸು ನಾಲ್ಕು ಚೀಲ ಬಂತು, ಕೈಯಲ್ಲಿ ಹಿಂಡಿದರೆ ನೀರು ಬರುವಷ್ಟು ನೆಂದಿತ್ತು. ಅದರ ಮೇಲೆ ಅವು ಎರಡು ವಾರ ಮಲಗಿದ್ದವೆಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಊದುಬತ್ತಿ ಹಿಡಿದವರು ಅತ್ತೆಯವರೇ. ಮೊದಲ ಸಲ ಹೊಗೆ ಬಾಗಿಲಿನ ಕಡೆಯಿಂದ ಪಕ್ಕಕ್ಕೆ ಹಾರಿತು. ಮೊಟ್ಟೆಪೆಟ್ಟಿಗೆಯ ಮುಚ್ಚಳದ ಅಂಚಿನಲ್ಲಿ ಬೆರಳು ಹೋಗುವಷ್ಟು ಸಂದಿಯಿತ್ತು. ಅಲ್ಲಿಗೆ ಪಟ್ಟಿ ಹೊಡೆದ ಮೇಲೆ ಹೊಗೆ ನೆಟ್ಟಗೆ ಏರಿ ಸೂರಿನಲ್ಲಿ ಹೊರಹೋಯಿತು. ಅತ್ತೆಯವರು ಅದನ್ನು ಎರಡು ನಿಮಿಷ ನೋಡುತ್ತಲೇ ನಿಂತಿದ್ದರು. "ಅಡುಗೆಮನೆಯ ಗವಾಕ್ಷಿಯ ಹಾಗೆ" ಎಂದರು. ಆಮೇಲೆ ದೀಪದ ಮಾತು ಎತ್ತಲಿಲ್ಲ. ಶಾಲು ಅರ್ಧ ಕತ್ತರಿಸಿದ್ದು ಹಾಗೆಯೇ ಇದೆ.

ಹೋದ ವಾರ ಎರಡು ರಾತ್ರಿ ಮೈನಸ್ 27 ಬಂತು. ಮಗಳು ನಿದ್ದೆ ಮಾಡಲಿಲ್ಲ, ಐದು ಗಂಟೆಗೆ ನನ್ನನ್ನು ಎಬ್ಬಿಸಿದಳು. ಇಬ್ಬರೂ ಹೋಗಿ ಬಾಗಿಲು ತೆರೆದೆವು. ಕಿಟಕಿಯ ಗಾಜು ಸ್ವಚ್ಛವಾಗಿತ್ತು, ಒಂದು ಹನಿಯಿಲ್ಲ. ಐದೂ ಒಂದೇ ಸಾಲಿನಲ್ಲಿ ಒತ್ತಿಕೊಂಡಿದ್ದವು, ನಡುವೆ ಬೆಳ್ಳಿ, ಎರಡು ಪಕ್ಕ ಚುಕ್ಕಿ ಮತ್ತು ಬಂಗಾರಿ. ನೀವು ಬರೆದಂತೆ ಮಗಳ ಕೈಯನ್ನು ಬಂಗಾರಿಯ ರೆಕ್ಕೆಯ ಕೆಳಗೆ ಇಡಿಸಿದೆ. ಅವಳು ಕೈ ತೆಗೆಯಲೇ ಇಲ್ಲ.

ಬೆಳ್ಳಿಯ ಜುಟ್ಟಿನ ಹಿಂಬದಿಯ ಎರಡು ಹಲ್ಲು ಕ್ರಿಸ್‌ಮಸ್ ಹೊತ್ತಿಗೆ ಉದುರಿದವು. ಈಗ ಅಲ್ಲಿ ನುಣ್ಣಗಿನ ಅಂಚು ಬಂದಿದೆ, ಹೊಸದಾಗಿ ಏನೂ ಕಪ್ಪಾಗಿಲ್ಲ. ವೈದ್ಯರು ಹೇಳಿದಂತೆ ಎದೆಮೂಳೆ ಮುಟ್ಟಿ ನೋಡಿದಾಗ ಪಟ್ಟೆ ಬಹಳ ಬಡಕಲಾಗಿರುವುದು ಗೊತ್ತಾಯಿತು. ನೋಡಲು ಎಲ್ಲಕ್ಕಿಂತ ದಪ್ಪ ಕಾಣುತ್ತಿದ್ದವಳು ಅವಳೇ. ಕಸ್ತೂರಿ ಅವಳನ್ನು ಮೇವಿನ ಬಳಿ ಬರಲು ಬಿಡುತ್ತಿರಲಿಲ್ಲ. ಇನ್ನೊಂದು ಮೇವಿನ ಪಾತ್ರೆಯನ್ನು ಎದುರು ಮೂಲೆಯಲ್ಲಿ ಇಟ್ಟ ಮೇಲೆ ಚೇತರಿಸಿಕೊಳ್ಳುತ್ತಿದ್ದಾಳೆ. ಮುಟ್ಟಿ ನೋಡದಿದ್ದರೆ ತಿಳಿಯುತ್ತಲೇ ಇರಲಿಲ್ಲ. ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು, ಮೇಡಂ.

ಅತ್ತೆಯವರು ಭಾನುವಾರ ಊರಿಗೆ ಹೊರಟರು. ಪ್ರತಿ ಬೆಳಿಗ್ಗೆ ಐದು ಕೋಳಿಗಳ ಚಿತ್ರ ಕಳಿಸಬೇಕೆಂದು ಮಕ್ಕಳಿಂದ ಮಾತು ತೆಗೆದುಕೊಂಡಿದ್ದಾರೆ. ಒಂದು ಸಂದೇಹ ಉಳಿದಿದೆ. ನಿನ್ನೆ ಮಧ್ಯಾಹ್ನ ತಡವಾಗಿ ಹೋದಾಗ ಒಂದು ಮೊಟ್ಟೆ ಹೆಪ್ಪುಗಟ್ಟಿ ಉದ್ದಕ್ಕೆ ಸೀಳಿತ್ತು. ಅದನ್ನು ತಿನ್ನಬಹುದೇ?

ಮಲೆನಾಡಿನವಳು, ಡುಲೂತ್ | ಜನವರಿ 16

ಸೀಳಿದ್ದನ್ನು ಎಸೆದುಬಿಡಿ, ಸಿಪ್ಪೆಯ ಬಿರುಕಿನಿಂದ ಏನು ಒಳಗೆ ಹೋಗಿದೆಯೋ ತಿಳಿಯದು. ಮಧ್ಯಾಹ್ನದೊಳಗೆ ಒಂದು ಸಲ, ಸಂಜೆ ಒಂದು ಸಲ ತೆಗೆಯಿರಿ. ನೀವು ಕೆಲಸಕ್ಕೆ ಹೋಗುವ ದಿನ ಮೊಟ್ಟೆಪೆಟ್ಟಿಗೆಯಲ್ಲಿ ಒಣಹುಲ್ಲು ಆಳವಾಗಿ ಹಾಕಿಟ್ಟರೆ ಸ್ವಲ್ಪ ಹೊತ್ತು ತಡೆಯುತ್ತದೆ.

ಪಟ್ಟೆಯ ಸುದ್ದಿ ಓದಿ ಮನಸ್ಸು ತುಂಬಿತು. ಅವಳಿಗೆ ಸಂಜೆಯ ನುಚ್ಚನ್ನು ಬೇರೆಯಾಗಿ, ನಿಮ್ಮ ಕೈಯಿಂದಲೇ ಕೊಡಿ, ಕಸ್ತೂರಿ ಅಡ್ಡೆ ಏರಿದ ಮೇಲೆ.

ಮಾರ್ಚ್ ಕೊನೆಯಲ್ಲಿ ಹಿಮ ಕರಗಿ ಓಡಾಟದ ಜಾಗವೆಲ್ಲ ಕೆಸರಾಗುತ್ತದೆ. ಹಿಮಗಾಳಿಗೆ ಬಿದ್ದ ಮರಗಳನ್ನು ಕತ್ತರಿಸುವವರು ಈಗ ನಿಮ್ಮ ಬೀದಿಗಳಲ್ಲಿ ಓಡಾಡುತ್ತಿರುತ್ತಾರೆ, ಅವರ ಬಳಿ ಮರದ ಚೂರು ರಾಶಿಗಟ್ಟಲೆ ಇರುತ್ತದೆ. ಕೆಸರಿನ ಮೇಲೆ ಹಾಸಲು ಒಂದು ಲೋಡು ಈಗಲೇ ಹೇಳಿಡಿ.